ಮೂಡುಬಿದಿರೆಯಲ್ಲಿ ನನ್ನ ಗುಪ್ತ ವಿಚಾರಣೆ

ಬಸ್ಸಿನಿಂದ ಇಳಿಯುವುದೂ ಒಂದು ವಿದ್ಯೆ ಎಂದರೆ ದೊಡ್ಡ ಊರಿನವರು ನಂಬುವುದಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ನೀವು ಇಳಿದರೂ ಒಂದೇ, ಇಳಿಯದೆ ಬಸ್ಸಿನ ಜೊತೆಗೇ ಶೆಡ್ಡಿಗೆ ಹೋಗಿ ಮಲಗಿಕೊಂಡರೂ ಒಂದೇ. ಯಾರ ಹುಬ್ಬೂ ಅಲುಗುವುದಿಲ್ಲ. ಸಣ್ಣ ಊರಿನಲ್ಲಿ ಹಾಗಲ್ಲ. ಅಲ್ಲಿ ಬಸ್ಸಿನ ಮೆಟ್ಟಿಲಿಳಿಯುವುದೆಂದರೆ ಯಕ್ಷಗಾನದ ವೇಷ ರಂಗಸ್ಥಳ ಪ್ರವೇಶಿಸಿದ ಹಾಗೆ. ಕಾಲು ನೆಲಕ್ಕೆ ತಾಗುವ ಮೊದಲೇ ಅಂಗಡಿ ಜಗಲಿಗಳ ಸಮಸ್ತ ಸಭಾಸದರ ದೃಷ್ಟಿ ನಿಮ್ಮ ಚಪ್ಪಲಿಯಿಂದ ಹೊರಟು, ಕೊಡೆ ಕೈಚೀಲಗಳಲ್ಲಿ ಒಂದಿಷ್ಟು ವಿಶ್ರಮಿಸಿ, ಕ್ರಾಪಿನ ತನಕ ಯಾತ್ರೆ ಮುಗಿಸಿರುತ್ತದೆ. ಆಮೇಲೆ ಹತ್ತಿರದವರೊಬ್ಬರು ಊರಿನ ಪ್ರತಿನಿಧಿಯಾಗಿ ತುಳುವಿನಲ್ಲಿ "ಓಡೆಗ್?" ಎನ್ನುತ್ತಾರೆ. ಎಲ್ಲಿಗೆ ಎಂದಷ್ಟೇ ಅದರ ಅರ್ಥ. ಹೆಸರು, ಕುಲ, ಸಂಬಳ ಇವೆಲ್ಲ ನಿಧಾನಕ್ಕೆ ತಿಳಿದರೂ ನಡೆದೀತು. ನೀವು ಯಾರ ಮನೆಯ ಅನ್ನ ಉಣ್ಣಲಿದ್ದೀರಿ ಎಂಬುದು ಮಾತ್ರ ಆ ಕ್ಷಣವೇ ಇತ್ಯರ್ಥವಾಗಬೇಕು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದಲ್ಲಿ ಒಂದು ಶನಿವಾರ ಈ ಪ್ರಶ್ನೆಗೆ ಸುಳ್ಳು ಉತ್ತರವನ್ನು ಕಂಠಪಾಠ ಮಾಡಿಕೊಂಡು ನಾನು ಮೂಡುಬಿದಿರೆಗೆ ಹೊರಟೆ. ಆಗ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಮನೆಯಲ್ಲಿ ಅಮ್ಮ, ತಂಗಿ ಪದ್ಮ, ಮತ್ತು ಯಜಮಾನನೆಂಬ ಹೆಸರು ಹೊತ್ತ ನಾನು. ಪದ್ಮನಿಗೆ ಮೂಡುಬಿದಿರೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ನೇಮಿರಾಜ, ಜವಳಿ ಅಂಗಡಿ, ತಂದೆಯಿಲ್ಲ, ತಾಯಿ ಮಾತ್ರ, ನಮ್ಮಂತೆಯೇ ಜೈನರು. ಮದುವೆಯ ಮಾತು ಮುಂದುವರಿಯುವ ಮೊದಲು ಹೆಣ್ಣಿನ ಕಡೆಯವರೊಬ್ಬರು ಹುಡುಗನ ಊರಿಗೆ ಹೋಗಿ, ಯಾರಿಗೂ ಗುಟ್ಟು ಬಿಡದೆ, ಅವನ ಗುಣಾವಗುಣಗಳನ್ನು ವಿಚಾರಿಸಿಕೊಂಡು ಬರುವುದು ನಮ್ಮಲ್ಲಿ ಪದ್ಧತಿ. ಪತ್ತೇದಾರನಿಗೆ ಇರಬೇಕಾದ ಲಕ್ಷಣಗಳಲ್ಲಿ ನನಗಿದ್ದದ್ದು ಒಂದು ಕಪ್ಪು ಕೊಡೆ ಮಾತ್ರ. ಆದರೂ ಮನೆಯಲ್ಲಿ ಬೇರೆ ಗಂಡಸರಿಲ್ಲದ್ದರಿಂದ ಆ ಹುದ್ದೆ ಅವಿರೋಧವಾಗಿ ನನಗೇ ಬಂತು.

ನಗುವಂತಿಲ್ಲದ ಒಂದು ಸಂಗತಿಯೂ ಇತ್ತು. ಪದ್ಮನಿಗೆ ಉಬ್ಬಸ. ಮಳೆ ಹಿಡಿಯುವಾಗ, ಮೋಡ ಕಟ್ಟಿದಾಗ, ಧೂಳೆದ್ದಾಗ ಅವಳು ದಿಂಬುಗಳನ್ನು ಒಂದರ ಮೇಲೊಂದಿಟ್ಟು ಕುಳಿತೇ ಇರುಳು ಕಳೆಯುವಳು. ಬೆಳಿಗ್ಗೆ ಎದ್ದು ಏನೂ ಆಗದವಳಂತೆ ನನಗೆ ಕಾಫಿ ಕೊಡುವಳು. ಆ ಕಾಫಿಯನ್ನು ಕುಡಿಯುವಾಗ ನನಗಾಗುತ್ತಿದ್ದ ಸಂಕಟವನ್ನು ನಾನು ಯಾರಿಗೂ ಹೇಳಿದವನಲ್ಲ. ಇದಕ್ಕೆ ಮೊದಲು ಬಂದಿದ್ದ ಸಂಬಂಧಗಳು ಉಬ್ಬಸದ ಸುದ್ದಿ ಕಿವಿಗೆ ಬಿದ್ದೊಡನೆ ಬಂದ ದಾರಿಯಲ್ಲೇ ಹಿಂತಿರುಗಿದ್ದವು. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಸೀರೆ ಉಟ್ಟು ಕುಳಿತುಕೊಳ್ಳುವುದಿಲ್ಲ ಎಂದು ಪದ್ಮ ನಿಧಾನವಾಗಿ, ಕೋಪವಿಲ್ಲದೆ ಹೇಳಿಬಿಟ್ಟಿದ್ದಳು. ಅವಳ ಹಠವನ್ನು ಬಲ್ಲ ಅಮ್ಮ ಹೆದರಿ, ಹೊರಡುವಾಗ ನನ್ನನ್ನು ಬಾಗಿಲ ಸಂದಿಗೆ ಕರೆದು, "ಕೇಳಿದ್ರೆ ಹೇಳು, ಸುಳ್ಳು ಹೇಳ್ಬೇಡ. ಕೇಳದಿದ್ರೆ ನೀನಾಗಿ ಹೇಳ್ಲಿಕ್ಕೆ ಹೋಗ್ಬೇಡ" ಎಂದು ಅಪ್ಪಣೆ ಕೊಡಿಸಿದರು. ಹೀಗೆ ಪರರ ಹುಳುಕನ್ನು ಹುಡುಕುವ, ನಮ್ಮದನ್ನು ಮುಚ್ಚುವ ಎರಡು ಪವಿತ್ರ ಕಾರ್ಯಗಳನ್ನು ಏಕಕಾಲದಲ್ಲಿ ಹೊತ್ತು ನಾನು ಬಸ್ಸು ಹತ್ತಿದೆ.

ಗುರುಪುರದ ಸೇತುವೆ ದಾಟಿದ ಮೇಲೆ ಬಸ್ಸು ಏದುಸಿರು ಬಿಡುತ್ತಾ ಮೇಲೇರಿ, ಮುರಕಲ್ಲಿನ ವಿಶಾಲವಾದ ಪದವು ಬಯಲುಗಳಿಗೆ ಬರುತ್ತದೆ. ಕಡಲ ದಡದ ಬೆವರಿನಿಂದ ಬಂದವನಿಗೆ ಆ ಬಯಲು, ಒಣಹುಲ್ಲು, ಅಡೆತಡೆಯಿಲ್ಲದ ಗಾಳಿ, ಆಕಾಶವೇ ಒಂದು ಅಂಗುಲ ಮೇಲೆ ಸರಿದಂಥ ಭಾವನೆ ಬಹಳ ಹಿತವಾಗಿರುತ್ತದೆ. ಇಲ್ಲಿ ಪದ್ಮ ಸರಾಗವಾಗಿ ಉಸಿರಾಡಿಯಾಳು ಎಂದು ನನ್ನ ಮನಸ್ಸು ಆಸೆಪಟ್ಟಿತು. ಅಷ್ಟರಲ್ಲಿ ಕಂಡಕ್ಟರು ಬಂದು, ನನ್ನ ಕೊಡೆ ಕೋಟುಗಳನ್ನು ಕಂಡು ಸರಕಾರಿ ಮನುಷ್ಯನೆಂದು ಭಾವಿಸಿದವನಂತೆ, ಪಠ್ಯಪುಸ್ತಕದ ಕನ್ನಡದಲ್ಲಿ, "ತಾವು ಯಾರ ಮನೆಗೆ ಹೋಗುವುದು?" ಎಂದು ಕೇಳಿದ. ಬಸದಿಗೆ, ದೇವರ ದರ್ಶನಕ್ಕೆ ಎಂದೆ. ಸಾವಿರ ಕಂಬದ ಬಸದಿ ಇರುವ ಊರಿಗೆ ಜೈನನೊಬ್ಬ ಹೋಗಲು ಇದಕ್ಕಿಂತ ನಿರುಪದ್ರವಿಯಾದ ಕಾರಣ ಉಂಟೆ? ಅವನು ತಲೆಯಾಡಿಸಿ, "ಆಗಲಿ, ದರ್ಶನ ಆಗ್ಲಿ. ನೇಮಿರಾಜಣ್ಣನ ಅಂಗಡಿ ಬಸದಿಗೆ ಹೋಗುವ ದಾರಿಯಲ್ಲೇ ಉಂಟು" ಎಂದು ಮುಂದಿನ ಸೀಟಿಗೆ ಹೋದ. ಕಾಕತಾಳೀಯವೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಬಸದಿಯಲ್ಲಿ ಕೈಮುಗಿದು ಶಾಸ್ತ್ರಕ್ಕೆ ಪ್ರದಕ್ಷಿಣೆ ಬಂದು ವಿಚಾರಣೆಯನ್ನು ಆರಂಭಿಸಿದೆ. ಬಸ್ಸು ನಿಲ್ಲುವಲ್ಲಿ ಹೋಟೆಲಿಟ್ಟಿದ್ದ ಶೀನಣ್ಣನೆಂಬವರು ನನ್ನ ಮೊದಲ ಸಾಕ್ಷಿ. ಜವಳಿಯ ಕ್ರಯದಿಂದ ಸುತ್ತು ಬಳಸಿ ಮಾತು ತೆಗೆದು, ಇಲ್ಲಿ ನೇಮಿರಾಜ ಎಂಬವರ ಅಂಗಡಿ ಹೇಗೆ ಎಂದು ಗಾಳಿಗೆ ಕೇಳಿದಂತೆ ಕೇಳಿದೆ. "ಬಂಗಾರದಂಥ ಹುಡುಗ" ಎಂದರು. ಪಕ್ಕದ ಬೆಂಚಿನಲ್ಲಿದ್ದವರು, ಅವರ ಮಾತನ್ನು ಕೇಳಿ ಒಳಗೆ ಬಂದವರು, ಎದುರಿನ ಬಳೆ ಅಂಗಡಿಯವರು, ಎಲ್ಲರೂ ಒಂದೇ ರಾಗದಲ್ಲಿ ಬಂಗಾರವೆಂದರು. ನನಗೆ ಸಂಶಯ ಬಂತು. ಒಬ್ಬ ಮನುಷ್ಯನ ಬಗ್ಗೆ ಒಂದು ಊರು ಇಷ್ಟು ಒಮ್ಮತದಿಂದಿರುವುದು ಅವನು ಸತ್ತ ಮೇಲೆ ಮಾತ್ರ ಸಾಧ್ಯ. ಅಳತೆಗೋಲು ಸರಿಯಿದೆಯೋ ನೋಡೋಣವೆಂದು, ಎದುರಿನ ಮರದ ಬುಡದಲ್ಲಿ ಹಾಡಹಗಲೇ ಕಳ್ಳು ಕುಡಿದು ಅಡ್ಡಬಿದ್ದಿದ್ದ ಒಬ್ಬನನ್ನು ತೋರಿಸಿ, ಅವನು ಹೇಗೆ ಎಂದು ಕೇಳಿದೆ. ಶೀನಣ್ಣ ಆ ಕಡೆ ಬಹಳ ಮಮತೆಯಿಂದ ನೋಡಿದರು. "ಅವನಾ? ಪಾಪದವ ಮಾರಾಯ್ರೆ, ಒಳ್ಳೆ ಜನ. ಸ್ವಲ್ಪ ಮಲಗ್ತಾನೆ, ಅಷ್ಟೇ" ಎಂದರು.

ಯಾರನ್ನೂ ದೂಷಿಸದ ಊರಿನಲ್ಲಿ ಒಬ್ಬ ಮನುಷ್ಯನನ್ನು ಪರೀಕ್ಷಿಸುವುದು ಹೇಗೆ? ಮಂಗಳೂರಿನಲ್ಲಾದರೆ ನೆರೆಮನೆಯವನೇ ಕರೆದು ಕೂರಿಸಿ, ಕೇಳದಿದ್ದ ದುರ್ಗುಣಗಳನ್ನೂ ಸೇರಿಸಿ ಹೇಳಿ ಕಳಿಸುತ್ತಿದ್ದ. ಇಲ್ಲಿ ಎಲ್ಲರೂ ಹಂಚಿಕೊಂಡು ಹೊಗಳುತ್ತಿದ್ದಾರೆ, ಹೊಗಳಿಕೆಯ ಮೇಲೆ ಬನ್ಸು ತಿನ್ನಿಸುತ್ತಿದ್ದಾರೆ. ಹುಡುಗ ಕುಡುಕನೇ ಆಗಿದ್ದರೆ, ಹೆಂಡತಿಗೆ ಕೈಯೆತ್ತುವವನೇ ಆಗಿದ್ದರೆ, ಈ ಸಜ್ಜನರು ಅದನ್ನೂ "ಸ್ವಲ್ಪ ಸಿಟ್ಟು, ಅಷ್ಟೇ" ಎಂದು ಮುಗಿಸಿಬಿಟ್ಟಾರು. ಏದುಸಿರು ಬಿಡುವ ತಂಗಿಯನ್ನು ಅಂಥವನ ಕೈಗೆ ಕೊಟ್ಟು ನಾನು ಮನೆಯಲ್ಲಿ ಕುಳಿತು ಕಾಫಿ ಕುಡಿಯಲೆ?

ಚಿಂತೆಯಲ್ಲಿ ಕಾಲೆಳೆಯುತ್ತಾ ಜೈನರ ಬೀದಿಯಲ್ಲಿ ನಡೆದೆ. ಇಲ್ಲಿ ಒಂದು ಮಾತನ್ನು ತಮಗೆ ತಿಳಿಸಬೇಕು. ಸೂರ್ಯ ಮುಳುಗಿದ ಮೇಲೆ ನಮ್ಮವರು ಉಣ್ಣುವುದಿಲ್ಲ. ಅಮ್ಮ ಇಂದಿಗೂ ಪಾಲಿಸುವ, ಮಂಗಳೂರಿನ ಹೋಟೆಲುಗಳ ದಯೆಯಿಂದ ನಾನು ಎಂದೋ ಕೈಬಿಟ್ಟ ನಿಯಮವಿದು. ಮೂಡುಬಿದಿರೆಯಲ್ಲಿ ಸಂಜೆಯ ಹೊತ್ತು ಅಪರಿಚಿತನೊಬ್ಬ ಬೀದಿಯಲ್ಲಿ ಕಂಡರೆ, ಇವನು ಉಂಡಿದ್ದಾನೋ ಇಲ್ಲವೋ, ಹೊತ್ತು ಬೇರೆ ಇಳಿಯುತ್ತಿದೆ ಎಂಬ ಗಾಬರಿ ಪ್ರತಿ ಮನೆಯ ಜಗಲಿಯಲ್ಲೂ ಏಕಕಾಲಕ್ಕೆ ಏಳುತ್ತದೆ. ಮೊದಲ ಮನೆಯವರು ಬೆಲ್ಲ ನೀರು ಕೊಟ್ಟು ಎಲೆ ಹಾಕಿದರು. ಉಂಡೆ. ಎರಡನೆಯ ಮನೆಯವರು, ಅವರಲ್ಲಿ ಉಂಡದ್ದು ನಮಗೆ ಲೆಕ್ಕವಲ್ಲವೆಂದು ಮತ್ತೆ ಎಲೆ ಹಾಕಿದರು. ಮೂರನೆಯ ಮನೆಯ ಪಾಯಪ್ಪಜ್ಜ ಎಂಬ ಮುದುಕರು ಕೈಹಿಡಿದು ಒಳಗೆ ಕರೆದೊಯ್ದು, ಗುಜ್ಜೆಯ, ಎಂದರೆ ಎಳೆ ಹಲಸಿನಕಾಯಿಯ, ಪಲ್ಯವನ್ನು ತಾವೇ ಬಡಿಸಿ, ನಾನು ಪಡುವಣದ ಕಿಟಕಿಯತ್ತ ದೀನನಾಗಿ ನೋಡಿದ್ದನ್ನು ಕಂಡು, "ಇನ್ನೂ ಹೊತ್ತುಂಟು, ನಿಧಾನಕ್ಕೆ ಊಟ ಮಾಡಿ" ಎಂದು ಧೈರ್ಯ ಹೇಳಿದರು. ಸೂರ್ಯ ಬೇಗ ಮುಳುಗಲೆಂದು ಜೈನನೊಬ್ಬ ಪ್ರಾರ್ಥಿಸಿದ್ದು ಅದೇ ಮೊದಲಿರಬೇಕು.

ಕೈತೊಳೆದು ಬಂದಾಗ ಅಜ್ಜ ನನ್ನ ಕೊಡೆಯನ್ನು ಹಿಡಿದುಕೊಂಡು ಹೊರಗೆ ನಿಂತಿದ್ದರು. "ಹೋಗುವ. ಜಿನ್ನಮ್ಮ ಮಧ್ಯಾಹ್ನದಿಂದ ಕಾಯ್ತಾ ಇದ್ದಾರೆ. ನೀವು ಬಸದಿಗೆ ಹೋದಿರಿ, ಹೋಟೆಲಿಗೆ ಹೋದಿರಿ ಅಂತ ಸುದ್ದಿ ಬರ್ತಾ ಇತ್ತು. ಮನೆಗೆ ಮಾತ್ರ ನೀವು ಬರ್ಲೇ ಇಲ್ಲ" ಎಂದರು. ಜಿನ್ನಮ್ಮ ಎಂದರೆ ನೇಮಿರಾಜನ ತಾಯಿ. ನಾನು ಬರುವ ದಿನ, ಬಸ್ಸು, ಪದ್ಮನ ಹೆಸರು, ಎಲ್ಲವೂ ಊರಿಗೆ ಗೊತ್ತಿತ್ತು. ವಿಚಾರಣೆಯ ದಿನ ಹುಡುಗ ಎದುರಿಗಿದ್ದರೆ ಜನರಿಗೆ ಮನಸ್ಸು ಬಿಚ್ಚಿ ಮಾತಾಡಲು ಸಂಕೋಚವಾದೀತೆಂದು ನೇಮಿರಾಜ ಬೆಳಗಿನ ಬಸ್ಸಿಗೇ ಗುರುವಾಯನಕೆರೆಗೆ ಹೋಗಿ ಕುಳಿತಿದ್ದನಂತೆ. ಊರಿಗೆ ಊರೇ ನನ್ನ ಗುಟ್ಟನ್ನು ನನ್ನಿಂದ ಬಚ್ಚಿಟ್ಟು, ನಾನು ಪತ್ತೇದಾರನಾಗಿ ಮೆರೆಯಲು ಸಂಜೆಯವರೆಗೂ ಸಹಕರಿಸಿತ್ತು.

ಜಿನ್ನಮ್ಮ ತೆಳ್ಳಗಿನ, ಮಿತಭಾಷಿಯಾದ ಹೆಂಗಸು. ನಾಲ್ಕನೆಯ ಎಲೆ ಹಾಕದೆ, ಮುಖ ನೋಡಿಯೇ ಪರಿಸ್ಥಿತಿಯನ್ನು ಅರಿತು, ಒಂದು ಲೋಟ ಮಜ್ಜಿಗೆ ಕೊಟ್ಟರು. ಅಷ್ಟರಿಂದಲೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ಒಳಜಗಲಿಯಲ್ಲಿ ಎದುರುಬದುರು ಕುಳಿತೆವು. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಕಾರ್ಖಾನೆಯ ಕೆಲಸ ಹೇಗೆ ಎಂದು ಕೇಳಿದರು. ಹುಡುಗಿಗೆ ಆರೋಗ್ಯ ಹೇಗೆ ಎಂದು ಇನ್ನೇನು ಕೇಳುತ್ತಾರೆ, ಹೇಳಿ ಹಗುರಾಗುತ್ತೇನೆ ಎಂದು ನಾನು ಕಾದೆ. ಕೇಳಲಿಲ್ಲ. ಕೇಳದಿದ್ದರೆ ಹೇಳಬಾರದೆಂಬ ಅಮ್ಮನ ಆಜ್ಞೆ ಇತ್ತು. ಆ ಆಜ್ಞೆ ಮಂಗಳೂರಿನಲ್ಲಿ ಎಷ್ಟು ವಿವೇಕಯುತವಾಗಿ ಕಂಡಿತ್ತೋ, ಇಲ್ಲಿ, ಇವರ ಬೀದಿಯ ಮೂರು ಮನೆಗಳ ಅನ್ನ ಹೊಟ್ಟೆಯಲ್ಲಿರುವಾಗ, ಅಷ್ಟೇ ಸಣ್ಣದಾಗಿ ಕಂಡಿತು. ಹೇಳಿದರೆ ಪದ್ಮನ ಕೊನೆಯ ಸಂಬಂಧವೂ ಹೋದೀತು. ಹೇಳದಿದ್ದರೆ ಅವಳು ಈ ಮನೆಯಲ್ಲಿ ಪ್ರತಿ ರಾತ್ರಿ ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡು ಬದುಕಬೇಕಾದೀತು. ಮಜ್ಜಿಗೆ ಲೋಟವನ್ನು ಕೆಳಗಿಟ್ಟು, "ಅವಳಿಗೆ ಉಬ್ಬಸ ಉಂಟು. ಧೂಳು ತಾಗಿದ್ರೆ ಜಾಸ್ತಿ ಆಗ್ತದೆ" ಎಂದೆ.

ಜಿನ್ನಮ್ಮ ತಲೆಯಾಡಿಸಿದರು. "ಗೊತ್ತುಂಟು. ಹೋದ ತಿಂಗಳು ನಿಮ್ಮ ನೆರೆಮನೆಗೆ ನನ್ನ ತಂಗಿ ಬಂದಿದ್ಳು. ನಿಮ್ಮಲ್ಲಿಗೂ ಬಂದು ಕೂತು ಬೆಲ್ಲ ನೀರು ಕುಡಿದು ಹೋಗಿದ್ದಾಳೆ. ಆ ದಿನ ಹುಡುಗಿಗೆ ಸ್ವಲ್ಪ ಜೋರಿತ್ತಂತೆ."

ವಿಚಾರಿಸಲು ಹೊರಟವನನ್ನು ಅವರು ಆಗಲೇ ವಿಚಾರಿಸಿ ಮುಗಿಸಿದ್ದರು. ನಾನು ನೆಲ ನೋಡಿದೆ. ನನ್ನ ಪಾದಗಳ ಅಡಿಗೇ ನೆಲದಲ್ಲಿ ಒಂದು ದುಂಡನೆಯ ತೇಪೆ, ಇನ್ನೂ ಪೂರ್ತಿ ಒಣಗದ ಹೊಸ ಗಾರೆ. ಅವರೂ ಅದನ್ನೇ ನೋಡುತ್ತಿದ್ದರು.

"ಅಕ್ಕಿ ಕುಟ್ಟುವ ಒರಳು ಅಲ್ಲಿತ್ತು" ಎಂದರು. "ತೌಡಿನ ಧೂಳು ಇಡೀ ಮನೆಗೆ ಏಳ್ತದೆ. ಅವಳಿಗೆ ಆಗ್ಲಿಕ್ಕಿಲ್ಲ ಅಂತ ನೇಮಿ ಮೊನ್ನೆ ಅಗೆದು ತೆಗೆದು ಹಿತ್ತಿಲ ಕೊಟ್ಟಿಗೆಯಲ್ಲಿ ಹಾಕಿದ. ನನ್ನ ಅತ್ತೆಯ ಕಾಲದ ಒರಳು ಅದು. ಇರ್ಲಿ, ಕುಟ್ಟುವವರು ಅಲ್ಲಿಗೆ ಹೋಗಿ ಕುಟ್ಟುತ್ತಾರೆ."

ಕೊನೆಯ ಬಸ್ಸಿಗೆ ನನ್ನನ್ನು ಹತ್ತಿಸಲು ಅರ್ಧ ಬೀದಿ ಬಂದಿತ್ತು. ಪದವಿನ ಮೇಲೆ ಕತ್ತಲಿಳಿಯುವಾಗ, ಹೊಟ್ಟೆ ಭಾರವಾಗಿ, ಎದೆ ಹಗುರವಾಗಿ, ಕಿಟಕಿಯ ಕಡೆ ಮುಖ ಮಾಡಿ ನಾನು ಸ್ವಲ್ಪ ಅತ್ತೆ. ಸಣ್ಣ ಊರಿನವರಿಗೆ ಪರರ ಮನೆಯ ಸುದ್ದಿಯ ಚಪಲ ಎಂದು ನಾವು ನಗುತ್ತೇವೆ. ಚಪಲ ನಮಗೂ ಕಡಿಮೆಯೇನಲ್ಲ. ಸುದ್ದಿ ಸಿಕ್ಕ ಮೇಲೆ ಅದರಿಂದ ಏನು ಮಾಡುತ್ತೇವೆ ಎಂಬಲ್ಲಿ ಮಾತ್ರ ನಾವೂ ಅವರೂ ಬೇರೆಯಾಗುತ್ತೇವೆ. ಅದೇ ಉಬ್ಬಸದ ಸುದ್ದಿ ಕೇಳಿ ಬೇರೆ ಕಡೆಯವರು ಬಾಗಿಲು ಹಾಕಿಕೊಂಡಿದ್ದರು.

ಮನೆಗೆ ಬಂದಾಗ ಅಮ್ಮ ನೂರು ಪ್ರಶ್ನೆಗಳೊಂದಿಗೆ ಮೈಮೇಲೆ ಬಿದ್ದರು. ಪದ್ಮ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ, ಅಮ್ಮ ದಣಿಯುವವರೆಗೆ ಕಾದು, "ಹುಡುಗ ಹೇಗಿದ್ದಾನೆ?" ಎಂದು ಕೇಳಿದಳು.

ಆಗ ನನಗೆ ನೆನಪಾಯಿತು. ನಾನು ಹುಡುಗನನ್ನು ನೋಡಿರಲೇ ಇಲ್ಲ. ಒಂದು ಪಟವನ್ನಾದರೂ ಕೇಳಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಕಪ್ಪೋ ಬಿಳುಪೋ, ಎತ್ತರವೋ ಗಿಡ್ಡವೋ, ಒಂದೂ ತಿಳಿಯದು. ಇಡೀ ದಿನ ಉಂಡು ಬಂದ ಪತ್ತೇದಾರನ ವರದಿಯಲ್ಲಿ ಹುಡುಗನೇ ಇರಲಿಲ್ಲ. ಬೇರೇನೂ ಹೇಳಲಾಗದೆ ಒರಳಿನ ಸಂಗತಿಯನ್ನು ಹೇಳಿದೆ. ಅವನೇ ಅಗೆದದ್ದು, ಹಿತ್ತಿಲಿಗೆ ಒಯ್ದದ್ದು, ಒದ್ದೆ ಗಾರೆಯ ಮೇಲೆ ನಾನು ಕಾಲಿಟ್ಟು ಕುಳಿತಿದ್ದದ್ದು.

ಪದ್ಮನ ಉಸಿರಿನ ಸಣ್ಣ ಶಬ್ದ ನನಗೆ ಕೇಳುತ್ತಿತ್ತು. ಎಂದಿನಂತೆ ಅದನ್ನು ಅದುಮಿಡಲು ಅವಳು ಪ್ರಯತ್ನಿಸಲಿಲ್ಲ.

"ನೋಡಿದ ಹಾಗೇ ಆಯ್ತಲ್ಲ" ಎಂದು ಹೇಳಿ ಒಳಗೆ ಹೋದಳು.