ಜರಿ ಕಟ್ಟಿದ ಫ್ಯೂಸು

ಇವತ್ತು ಬೆಳಿಗ್ಗೆ ಮನೆಯಲ್ಲಿ ವೈರು ಸುಟ್ಟ ವಾಸನೆ ಬಂತು. ತೊಂಬತ್ತು ದಾಟಿದ ನನಗೆ ಸಾರಿನ ಒಗ್ಗರಣೆಯ ವಾಸನೆಯೂ ಈಗ ತಿಳಿಯದು. ಇದು ಮಾತ್ರ ತಿಳಿಯುತ್ತದೆ.

ಕೊಯಮತ್ತೂರಿನ ನಮ್ಮ ನೇಕಾರರ ಬೀದಿಗೆ ಪೈಕಾರ ಹೊಳೆಯ ಕರೆಂಟು ಬಂದ ಹೊಸತು; ನಾನಾಗ ಚಿಕ್ಕ ಹುಡುಗಿ. ಮಗ್ಗದ ಮೇಲೆ ಒಂದೇ ಬಲ್ಬು. ಗೋಡೆ ನೆನೆದಾಗಲೆಲ್ಲ ಫ್ಯೂಸು ಹೋಗುತ್ತಿತ್ತು. ನೂಲು ಹರಿದಾಗ ಗಂಟು ಹಾಕುವಂತೆಯೇ ಅಪ್ಪ ಎದ್ದು ಹೊಸ ತಂತಿ ಕಟ್ಟಿ ಬರುತ್ತಿದ್ದರು.

ಒಂದು ಮಧ್ಯಾಹ್ನ ಮೂರನೆಯ ಸಲ ಹೋದಾಗ ಅವರಿಗೆ ರೇಗಿತು. ಸೀರೆಯ ಅಂಚಿಗೆಂದು ಇಟ್ಟಿದ್ದ ಬೆಳ್ಳಿ ಜರಿಯ ಎಳೆಗಳನ್ನು ತೊಡೆಯ ಮೇಲೆ ದಪ್ಪಗೆ ಹೊಸೆದು ಫ್ಯೂಸಿಗೆ ಕಟ್ಟಿದರು.

“ಇನ್ನು ಹೆಂಗೆ ಹರೀತದೋ ನೋಡ್ತೀನಿ,” ಅಂದರು.

ಹರಿಯಲಿಲ್ಲ. ನೂಲಿಗೆ ಗಂಜಿ ಹಾಕುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಏಳುತ್ತ, ಆಸರೆಗೆಂದು ಗೋಡೆಯ ಮೇಲೆ ವೈರು ಹಾಯ್ದಿದ್ದ ಕಬ್ಬಿಣದ ಪೈಪು ಹಿಡಿದಳು. ಅವಳ ಕೈ ಬಿಡಲೇ ಇಲ್ಲ. ಬಲ್ಬು ಉರಿಯುತ್ತಲೇ ಇತ್ತು.

ಆಮೇಲೆ ಬಂದ ಲೈನ್‌ಮನ್ ಫ್ಯೂಸು ಬಿಚ್ಚಿ ನೋಡಿ, ತಮಿಳಿನಲ್ಲಿ ಮೆಲ್ಲಗೆ ಹೇಳಿದ: ತಂತಿ ಹರಿದುಹೋಗಲಿ ಅಂತಲೇ ಅದನ್ನು ಇಡುವುದು.

ಅಪ್ಪ ಮತ್ತೆಂದೂ ಜರಿ ಮುಟ್ಟಲಿಲ್ಲ.

ಇವತ್ತು, ಈಗ ಫ್ಯೂಸಿನ ಜಾಗದಲ್ಲಿರುವ ಸ್ವಿಚ್ಚು ಬಿದ್ದಾಗ ಮೊಮ್ಮಗಳು, “ಎಷ್ಟು ಸಲ ಬೀಳ್ತದಜ್ಜಿ ಈ ಸ್ವಿಚ್ಚು!” ಎಂದು ಮತ್ತೆ ಮೇಲೆತ್ತಲು ಹೋದಳು.

“ಬೀಳ್ಲಿ ಬಿಡು ತಾಯಿ,” ಅಂದು ಅವಳ ಕೈ ಹಿಡಿದುಕೊಂಡೆ. ಕೈ ಒಣಗಿಯೇ ಇತ್ತು. ಆದರೂ ನನ್ನ ಸೆರಗಿನಿಂದ ಒರೆಸಿದೆ.