ಎಲ್ ದಾಟದ ಸುನಂದಾ

ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನ ಎದುರಿಗೆ ಫರಹತಳ ಝೆರಾಕ್ಸ್ ಅಂಗಡಿ. ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕಂಡವರ ಮಕ್ಕಳ ಪರೀಕ್ಷಾ ಅರ್ಜಿ ತುಂಬುವವಳು ಇಂಗಳೇಶ್ವರದ ಸುನಂದಾ. ಒಂಬತ್ತು ವರ್ಷದಲ್ಲಿ ಅವಳು ತುಂಬಿಕೊಟ್ಟ ಅರ್ಜಿಯಿಂದ ಎಷ್ಟೋ ಜನ ಪೊಲೀಸರಾದರು, ತಲಾಠಿಗಳಾದರು, ರೈಲ್ವೆ ಸೇರಿದರು, ಪೇಢೆ ತಂದುಕೊಟ್ಟು ಹೋದರು. ಪೇಢೆಯನ್ನು ಅವಳು ಈಗ ಬಾಯಿಗಿಡುವುದಿಲ್ಲ. ತನ್ನ ಹೆಸರಿನಲ್ಲಿ ಅವಳು ತುಂಬಿಕೊಂಡದ್ದು ಬ್ಯಾಂಕ್ ಗುಮಾಸ್ತೆಯ ಅರ್ಜಿ, ಆರು ಸಲ. ಏಳನೆಯದೇ ಕಡೆಯದು. ಅದು ತಪ್ಪಿದರೆ ವಯಸ್ಸಿನ ಮಿತಿ ದಾಟಿ, ಜೀವಮಾನವೆಲ್ಲ ಇನ್ನೊಬ್ಬರ ಫೋಟೋ ಸಹಿ ಅಪ್‌ಲೋಡ್ ಮಾಡುತ್ತ ಕೂರಬೇಕು.

ದಡ್ಡಿ ಎಂದುಕೊಳ್ಳಬೇಡಿ. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ತಾಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆರು ಸಲವೂ ಕಾಲು ಹಿಡಿದೆಳೆದದ್ದು ಇಂಗ್ಲಿಷ್. ಅದರಲ್ಲೂ ಶಬ್ದಗಳ ಪ್ರಶ್ನೆ. ಈ ಪದಕ್ಕೆ ಹತ್ತಿರದ ಅರ್ಥ ಯಾವುದು, ವಿರುದ್ಧ ಪದ ಯಾವುದು, ಖಾಲಿ ಜಾಗದಲ್ಲಿ ಯಾವುದು ಕೂರುತ್ತದೆ. ಅದಕ್ಕೆಂದೇ ವಿಜಯಪುರದಿಂದ ಒಂದು ದಪ್ಪ ಪುಸ್ತಕ ತಂದಿದ್ದಳು. ಎ ಇಂದ ಝಡ್ ತನಕ ನಾಲ್ಕು ಸಾವಿರ ಶಬ್ದ.

ಅದನ್ನು ಓದುವ ಪದ್ಧತಿ ಕಲಿಸಿದವನು ಅಪ್ಪ ಬಸಂತರಾಯ. ಅವನಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಆದರೆ ಪ್ರತಿ ಶ್ರಾವಣದಲ್ಲಿ ಊರ ಗುಡಿಯಲ್ಲಿ ಪುರಾಣ ಹೇಳುವವನು. ಅಲ್ಲಿ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಮನೆಯಲ್ಲೂ ಹಾಗೆಯೇ ನಡೆಯಿತು. ಬೆಳಿಗ್ಗೆ ಸ್ನಾನವಾದ ಮೇಲೆ ಪುಸ್ತಕಕ್ಕೆ ಕೈ ಮುಗಿದು ಸುನಂದಾ ಒಂದು ಶಬ್ದ ಓದುವಳು. ಅಪ್ಪ ಕಟ್ಟೆಯ ಮೇಲಿಂದ, "ಅಂದ್ರ?" ಎನ್ನುವನು. ಅವಳು ಕನ್ನಡದಲ್ಲಿ ಅರ್ಥ ಹೇಳುವಳು. ಒಂಬತ್ತು ವರ್ಷದಲ್ಲಿ ಅಪ್ಪನಿಗೂ ಎ ಅಕ್ಷರದ ಶಬ್ದಗಳು ಬಾಯಿಪಾಠವಾಗಿ, ಎತ್ತು ಮೇವು ಬಿಟ್ಟರೆ "ಅಬ್ಯಾಂಡನ್ ಮಾಡೇತಿ ನೋಡು" ಎನ್ನುತ್ತಿದ್ದ.

ಎಡವಟ್ಟಾದದ್ದು ಇನ್ನೊಂದು ಕಟ್ಟಳೆಯಿಂದ. ಆ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಬಂದ ಮಾತು: ಹಿಡಿದ ಪುರಾಣ ನಡುವೆ ನಿಲ್ಲಬಾರದು, ನಿಂತರೆ ಮತ್ತೆ ಮೊದಲ ಸಂಧಿಯಿಂದಲೇ ಹಿಡಿಯಬೇಕು, ನಡುವಿನಿಂದ ಹಿಡಿದರೆ ಮನೆಗೆ ಕೇಡು. ಸುನಂದಾಳ ಓದು ನಿಲ್ಲದ ವರ್ಷವಿತ್ತೇ? ತೊಗರಿ ರಾಶಿ ಬರುತ್ತಿತ್ತು, ಸ್ಕಾಲರ್‌ಶಿಪ್ ಅರ್ಜಿಯ ಕಾಲ ಬರುತ್ತಿತ್ತು, ಓದು ನಿಲ್ಲುತ್ತಿತ್ತು. ಮತ್ತೆ ಕುಳಿತಾಗ ಮತ್ತೆ ಎ. ಎಷ್ಟು ಓಡಿದರೂ ಎಲ್ ದಾಟಲಿಲ್ಲ. ಪುಸ್ತಕದ ಮೊದಲರ್ಧದ ಅಂಚು ಬೆರಳಾಡಿ ಕಪ್ಪಗಾಗಿತ್ತು. ಉಳಿದರ್ಧ ಅಂಗಡಿಯಿಂದ ಬಂದಷ್ಟೇ ಬೆಳ್ಳಗಿತ್ತು.

ಫರಹತ ನಕ್ಕು ಸಾಕಾಗಿ ಒಮ್ಮೆ ರೇಗಿಯೇಬಿಟ್ಟಳು. "ಅಲ್ಲವಾ ಸುನಂದಾ, ಪೇಪರ್ ತಗಿಯಾಂವ ಏನ್ ನಿಮ್ಮಪ್ಪನ ಪುರಾಣ ಕೇಳ್ಯಾನೇನ? ಹಿಂದಿಂದ ಓದು!"

ಸುನಂದಾ ಮುಂದಿನ ಅರ್ಜಿ ಎಳೆದುಕೊಂಡಳು. ಹಿಂದಿನಿಂದ ಓದಿದ್ದೂ ಆಗಿತ್ತು, ಒಂದೇ ಒಂದು ಸಲ. ಮೂರನೆಯ ಪರೀಕ್ಷೆಗೆ ಮುಂಚೆ, ಅಪ್ಪ ಹೊಲಕ್ಕೆ ಹೋದಾಗ, ಕಳ್ಳತನದಲ್ಲಿ ಆರ್ ಅಕ್ಷರ ತೆಗೆದು ನಾಲ್ಕು ದಿನ ಓದಿದ್ದಳು. ಐದನೆಯ ದಿನ ಅವ್ವ ಸಿದ್ದಲಿಂಗವ್ವ ರೊಟ್ಟಿ ಬಡಿಯುತ್ತ ಕುಳಿತಲ್ಲೇ ವಾಲಿದಳು. ವಿಜಯಪುರ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಈ ಆರ್ ಅಕ್ಷರದ ಸಂಗತಿಯನ್ನು ಸುನಂದಾ ಯಾರಿಗೂ ಹೇಳಲಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬದುಕಿದಳು.

ಏಳನೆಯ ಪರೀಕ್ಷೆಗೆ ಎಪ್ಪತ್ತು ದಿನವಿತ್ತು. ಈ ಸಲ ಹಲ್ಲು ಕಚ್ಚಿ ಓದಿದಳು. ಬಸ್ಸಿನಲ್ಲಿ ಓದಿದಳು, ಅಂಗಡಿಯಲ್ಲಿ ಸರ್ವರ್ ನಿಂತು ಚಕ್ರ ತಿರುಗುತ್ತಿದ್ದಾಗ ಓದಿದಳು. ಎಲ್ ಮುಗಿಯಲು ಎರಡು ಪುಟ ಬಾಕಿ ಇದ್ದಾಗ ಯಾವುದೋ ಯೋಜನೆಯ ಅರ್ಜಿ ಶುರುವಾಯಿತು. ಬಾಗೇವಾಡಿಯ ಜನವೆಲ್ಲ ಫರಹತಳ ಅಂಗಡಿಗೆ ಮುಗಿಬಿತ್ತು. ಹದಿನಾರು ದಿನ ಸುನಂದಾಳಿಗೆ ನೆಟ್ಟಗೆ ಉಣ್ಣಲೂ ಪುರುಸೊತ್ತಿರಲಿಲ್ಲ. ಗದ್ದಲ ಇಳಿದಾಗ ಪರೀಕ್ಷೆಗೆ ಉಳಿದದ್ದು ಇಪ್ಪತ್ತೊಂದು ದಿನ.

ಆ ಬೆಳಿಗ್ಗೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತೇ ಕುಳಿತಳು. ಎಂ ತೆಗೆದರೆ ಅರ್ಧವಾದರೂ ಕೈಗೆ ಹತ್ತುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಅಪ್ಪ ಕೆಮ್ಮಿದ. ಅವ್ವನನ್ನಂತೂ ಕಳೆದುಕೊಂಡಾಯಿತು, ಇರುವವನು ಇವನೊಬ್ಬ. ನೌಕರಿ ಹಾಳಾಗಿ ಹೋಗಲಿ ಎಂದು ಮೊದಲ ಪುಟ ತೆಗೆದು, "ಅಬ್ಯಾಂಡನ್" ಎಂದಳು.

"ಅಂದ್ರ?" ಎಂದ ಅಪ್ಪ, ಏನೂ ತಿಳಿಯದೆ.

ವಿಜಯಪುರದ ಪರೀಕ್ಷಾ ಕೇಂದ್ರದಲ್ಲಿ ತೆರೆಯ ಮೇಲೆ ಬಂದ ಶಬ್ದಗಳು ಓ ಅಕ್ಷರದ ಆಬ್ಸಲೀಟ್, ರಿಲಕ್ಟಂಟ್, ಟೀಡಿಯಸ್, ವಿವಿಡ್. ಒಂದೂ ಎಲ್‌ನ ಈಚೆ ದಡದ್ದಲ್ಲ. ಊಹೆಯ ಮೇಲೆ ಉತ್ತರ ಒತ್ತುತ್ತ ಹೋದಳು. ತಿಂಗಳೊಪ್ಪತ್ತಿನಲ್ಲಿ ಫಲಿತಾಂಶ ಬಂತು. ಅಂಗಡಿಯ ಅದೇ ಕಂಪ್ಯೂಟರಿನಲ್ಲಿ ತನ್ನ ನಂಬರ್ ತಾನೇ ಹೊಡೆದಳು. ಲೆಕ್ಕದಲ್ಲಿ ಭರ್ತಿ, ಇಂಗ್ಲಿಷಿನಲ್ಲಿ ಎರಡು ಅಂಕ ಕಡಿಮೆ. ಫರಹತ ಚಹಾ ತರಿಸಿದಳು.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲಿದ್ದ. "ಏನಾತು, ಯವ್ವಾ?"

"ಮುಗೀತು ಯಪ್ಪಾ. ಎಲ್ಲಾ ಎಲ್ ಮುಂದಿನ ಶಬ್ದs ಬಂದಿದ್ದು."

"ಮುಂದಿಂದು ತಗದು ಓದಬೇಕಿತ್ತು, ಹುಚ್ಚಿ. ಅದೇನು ಗುಡಿ ಪುರಾಣೇನ?"

ಒಂಬತ್ತು ವರ್ಷ ಮತ್ತೆ ಮತ್ತೆ ಎ ಕೇಳುತ್ತ ಕುಳಿತವನು ಈಗ ಅಷ್ಟು ಸಲೀಸಾಗಿ ಅಂದುಬಿಟ್ಟ. ಸುನಂದಾಳ ದುಃಖದ ಕಟ್ಟೆ ಒಡೆಯಿತು. "ಓದಿದ್ನಲ್ಲಾ! ಓದಿದ್ದಕ್ಕ ಅವ್ವ ಹೋದ್ಲು. ನಾನs ಕೊಂದೆ ಆಕೀನ. ಇನ್ನ ನಿನ್ನೂ ಕಳಕೊಳ್ಳಲೇನು?" ಎಂದು, ಆರು ವರ್ಷ ನುಂಗಿಕೊಂಡದ್ದನ್ನೆಲ್ಲ ಕಾರಿಕೊಂಡು ಅತ್ತಳು.

ಬಸಂತರಾಯ ಕಟ್ಟೆಯಿಂದ ಇಳಿದು ಮಗಳ ಬಳಿ ಬಂದ. ಅವನೂ ಒಂದು ಮಾತು ನುಂಗಿಕೊಂಡೇ ಇದ್ದ. "ನಿಮ್ಮವ್ವಗ ವರ್ಷದಿಂದ ಬಿ.ಪಿ ಇತ್ತು, ಯವ್ವಾ. ಡಾಕ್ಟರ ವಿಜಯಪುರಕ್ಕ ಹೋಗ್ರಿ ಅಂದಿದ್ದ. ಹೋದ್ರ ನೀ ಸಂಗಾಟ ಬರ್ತಿ, ಓದು ನಿಂತು ಮತ್ತ ಎ ಹಿಡಿಬೇಕಾಗ್ತದ ಅಂತ ಆಕಿ ಹೋಗಲಿಲ್ಲ, ನಿನಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡಿದ್ಲು."

ಕೆಂಡ ಆರಿತೇ? ಇಲ್ಲ, ಜಾಗ ಬದಲಿಸಿತು ಅಷ್ಟೇ. ಕೇಡು ಪುಸ್ತಕದಿಂದ ಬಂದಿರಲಿಲ್ಲ, ನಡುವೆ ನಿಲ್ಲಬಾರದೆಂಬ ಕಟ್ಟಳೆಯಿಂದ ಬಂದಿತ್ತು. ಇಪ್ಪತ್ತೊಂದು ದಿನಗಳನ್ನು ಅವಳು ಸುಮ್ಮನೆ ಚೆಲ್ಲಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ ತಾನೇ ಪುಸ್ತಕ ತಂದು, ಬೆಳ್ಳಗಿದ್ದ ಭಾಗ ಬಿಚ್ಚಿ ಅವಳ ಮುಂದಿಟ್ಟ.

"ಇನ್ನ ಯಾಕ, ಯಪ್ಪಾ?"

"ಹಿಡದದ್ದು ಮುಗಿದು ಮಂಗಲ ಆಗಬೇಕವ್ವಾ. ನಿಮ್ಮವ್ವ ಅದಕ್ಕs ಹೋದಾಕಿ."

ಅವನು ಬಿಚ್ಚಿದ್ದು ಓ ಅಕ್ಷರದ ಪುಟ. ಸುನಂದಾಳ ಕಣ್ಣು ಒಂದು ಶಬ್ದದ ಮೇಲೆ ನಿಂತಿತು. "ಆಬ್ಸಲೀಟ್" ಎಂದು ಓದಿದಳು.

"ಅಂದ್ರ?"

ಪಕ್ಕದಲ್ಲೇ ಕನ್ನಡದಲ್ಲಿ ಅಚ್ಚಾಗಿತ್ತು. "ಕಾಲ ಮುಗಿದದ್ದು" ಎಂದಳು.

ಬಸಂತರಾಯ ಕಣ್ಣು ಒರೆಸಿಕೊಂಡು, "ಮುಂದ ಓದು" ಎಂದ.