ಹೋಗದೆ ನಿಂತ ಮೆಸೇಜು

ಮೊನ್ನೆ ಅಡುಗೆಮನೆಯ ಡಬ್ಬದ ಮುಚ್ಚಳ ತೆಗೆದೆ. ಗಂಡಸಿ ಊರಿನಿಂದ ನನ್ನ ಸೋದರಮಾವ ಕಳಿಸಿದ್ದ ಕೊಬ್ಬರಿ ಪಸೆ ತಾಗಿ ಕಮಟಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಣ್ಣ ನೆನಪಾದರು...

ಒಡಹುಟ್ಟಿದ ಅಣ್ಣನಲ್ಲ. ಅರಸೀಕೆರೆಯಲ್ಲಿ ನಾನು ಕೆಲಸಕ್ಕಿದ್ದ ತೆಂಗು ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ಮೌಸ್ ಹಿಡಿಯುವುದರಿಂದ ಹಿಡಿದು ನನಗೆ ಎಲ್ಲವನ್ನೂ ಕಲಿಸಿದವರು. ನಮ್ಮ ಮನೆಯಲ್ಲಿ ಕೂತು ಮುದ್ದೆ ಉಂಡು, ಅಮ್ಮನಿಗೆ "ಇವಳು ನನ್ನ ತಂಗಿ ಇದ್ದಂಗೆ ಕಣಮ್ಮ" ಅಂದವರು. ನಂಬಿದೆ. ಎಂಥ ಪೆದ್ದಿ ನಾನು!

ಸಂಘದಲ್ಲಿ ಒಂದು ವಾಡಿಕೆ ಇತ್ತು. ಕೊಬ್ಬರಿ ಹರಾಜಿನ ದಿನ ಎಲ್ಲರಿಗೂ ಗೊತ್ತಿದ್ದದ್ದೇ. ಅದು ಮುಂದಕ್ಕೆ ಹೋದರೆ ಮಾತ್ರ ನಾನು ಎಲ್ಲರ ಮೊಬೈಲಿಗೆ ಮೆಸೇಜು ಕಳಿಸಬೇಕು. "ಮೆಸೇಜ್ ಬಂದಿಲ್ವಾ? ಹಂಗಾರೆ ಹರಾಜು ಐತೆ ನಡೀರ್ಲಾ" ಎಂದು ಬೆಳೆಗಾರರು ಚೀಲ ಹೇರಿಕೊಂಡು ಹೊರಡುತ್ತಿದ್ದರು.

ಆಗ ಮೇಲಿನಿಂದ ಒಂದು ಆದೇಶ ಬಂತು. ಹೊರಗಿನವರು ಸಂಘದ ಸರ್ವರ್ ಕಂಪ್ಯೂಟರಿನೊಳಗೆ ನುಗ್ಗದಂತೆ, ಆಪರೇಟಿಂಗ್ ಸಿಸ್ಟಂನಲ್ಲಿ ಬಳಸದ ಭಾಗಗಳನ್ನೆಲ್ಲ ನಿಲ್ಲಿಸಿ ಎಂದು. ಅಣ್ಣ ಒಂದೊಂದಾಗಿ ಆಫ್ ಮಾಡುತ್ತಾ ಹೋದರು.

"ಅಣ್ಣ, ನಮ್ ಮೆಸೇಜಿಗೆ ಏನೂ ಆಗಲ್ವಾ?" ಎಂದೆ.

"ಅದಕ್ಕೂ ಇದಕ್ಕೂ ಏನ್ ಸಂಬಂಧ ಕಣಮ್ಮ" ಅಂದರು.

ಸಂಬಂಧ ಇತ್ತು. ಆಫ್ ಆದವುಗಳಲ್ಲಿ ಒಂದನ್ನು ನೆಚ್ಚಿಕೊಂಡೇ ಮೆಸೇಜಿನ ಸಾಫ್ಟ್‌ವೇರ್ ನಡೆಯುತ್ತಿತ್ತು. ಆ ಭಾಗ ನಿಂತ ಮೇಲೆ ಸಾಫ್ಟ್‌ವೇರು, ನಾನು ಕೊಟ್ಟ ಮೆಸೇಜನ್ನು ಒಳಗೆ ತೆಗೆದುಕೊಳ್ಳುತ್ತಿತ್ತು, ಹೊರಗೆ ಬಿಡುತ್ತಿರಲಿಲ್ಲ. ಅದು ನಮಗಿಬ್ಬರಿಗೂ ತಿಳಿದಿರಲಿಲ್ಲ.

ಆ ವಾರವೇ ಹರಾಜು ಮುಂದಕ್ಕೆ ಹೋಯಿತು. ನಾನು ಮೆಸೇಜು ಕಳಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಮುಚ್ಚಿದ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು, ಮೇಲೆ ಜಡಿಮಳೆ. ಒಣಗಿಸಿ ತಂದ ಕೊಬ್ಬರಿಯೆಲ್ಲ ನೆನೆಯುತ್ತಿತ್ತು. ಆ ಸಾಲಿನಲ್ಲಿ ಮಾವನೂ ಇದ್ದರು. "ಒಂದ್ ಮೆಸೇಜ್ ಹಾಕ್ಬಾರ್ದಾಗಿತ್ತಾ ಮಗಾ?" ಅಂದರು.

ಓಡಿಹೋಗಿ ಕಂಪ್ಯೂಟರ್ ತೆರೆದೆ. ನಾನು ಕಳಿಸಿದ್ದೆಲ್ಲ ಹಾಗೇ ಸಾಲಾಗಿ ನಿಂತಿತ್ತು. ಅಣ್ಣನನ್ನು ಕರೆದು ತೋರಿಸಿದೆ. ಅವರ ಮುಖ ಸಣ್ಣಗಾಯಿತು. "ನೀನ್ ಹೋಗಿ ಜನಾನ ಸಮಾಧಾನ ಮಾಡು, ಇದನ್ನ ನಾನ್ ನೋಡ್ಕೋತೀನಿ" ಅಂದರು. ಹೋದೆ... ವಾಪಸು ಬರುವಷ್ಟರಲ್ಲಿ ಆಫ್ ಆಗಿದ್ದ ಭಾಗ ಮತ್ತೆ ಆನ್ ಆಗಿತ್ತು. ನಿಂತಿದ್ದ ಮೆಸೇಜುಗಳಲ್ಲಿ ಒಂದೂ ಇರಲಿಲ್ಲ. ಅಳಿಸಿಬಿಟ್ಟಿದ್ದರು.

ಸಂಘದ ಅಧ್ಯಕ್ಷರು ಎಲ್ಲರ ಮುಂದೆ ಕೇಳಿದರು. ಅಣ್ಣ ನನ್ನ ಕಡೆ ತಿರುಗದೆ, "ಸರ್ವರ್ ಸರಿಯಾಗೇ ಐತೆ ಸಾರ್, ನೀವೇ ನೋಡಿ. ಹುಡುಗಿ ಕಳಿಸೋದ್ ಮರ್ತಿರ್ಬೇಕು" ಅಂದರು. ನಾನು ಕೂಗಾಡಿದೆ, ಅತ್ತುಬಿಟ್ಟೆ. ಯಾರು ಕೇಳುತ್ತಾರೆ? ಪರದೆ ಖಾಲಿ ಇತ್ತಲ್ಲ! ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಗಂಡಸಿಯ ಕಡೆ ನಾನು ಊರವರ ಕೊಬ್ಬರಿ ಕೆಡಿಸಿದವಳಾದೆ.

ಈಗ ಹಳೇಬೀಡಿನ ಒಂದು ಕಚೇರಿಯಲ್ಲಿದ್ದೇನೆ. ಹೋದ ವರ್ಷ ಅಣ್ಣ ತೀರಿಕೊಂಡರು. ಅಮ್ಮನ ಬಲವಂತಕ್ಕೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಿಮ್ ವಿಷ್ಯ ಭಾಳ ಹೇಳೋರು ಕಣಮ್ಮ. ಆ ಹುಡ್ಗಿ ಒಂದಿನಾನೂ ಯಾವ್ದೂ ಮರ್ತೋಳಲ್ಲ ಅನ್ನೋರು" ಅಂದರು.

ಹೆಂಡತಿಯ ಮುಂದೆ ಆಡಿದ ಮಾತನ್ನು ಅಂದು ಅಧ್ಯಕ್ಷರ ಮುಂದೆ ಆಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಣ್ಣ? ಮನಸ್ಸಿನಲ್ಲೇ ಬಯ್ದುಕೊಂಡು ಹೋದವಳು ಅಳುತ್ತಾ ಬಂದೆ. ಅಂಥ ಅಣ್ಣ ನನಗೆ ಮತ್ತೆ ಸಿಗಲಿಲ್ಲ, ಅದೂ ನಿಜ...

ಡಬ್ಬ ಮುಚ್ಚಿಟ್ಟು ಮಾವನಿಗೆ ಫೋನ್ ಮಾಡಿದೆ. ಆ ಹೆಂಗಸು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮಾವ ಎಲ್ಲವನ್ನೂ ಕೇಳಿಸಿಕೊಂಡರು.

"ಬಿಡು ಮಗಾ, ಹಳೇದು" ಅಂದರು. "ನೀನೊಬ್ಳೇ ಏನು, ಮರೆವು ಯಾರಿಗಿಲ್ಲ ಹೇಳು."